ದಲ್ಲಾಳಿ ಸನದು, ಮಿಲಾನಿನ ಬಾಕಿ: ಚಿತ್ರಕಾರ ಟಿಷಿಯನ್‌ನ ಪಗಾರದ ತಕರಾರು

ಅಡತಿ ಅಂಗಡಿಯ ಮೆಟ್ಟಿಲು ಹತ್ತಿದ ಯಾವ ರೈತನಿಗೂ ದಲ್ಲಾಳಿ ಅಂದರೆ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಾಲು ನಮ್ಮದು, ರೊಕ್ಕ ಕೊಳ್ಳುವವನದು, ನಡುವೆ ನೂರಕ್ಕೆ ಇಷ್ಟು ಅಂತ ಮುರಿದುಕೊಳ್ಳುವವನು ಒಬ್ಬ. ಆದರೆ ಒಂದು ಸರಕಾರ ಚಿತ್ರ ಬರೆಯುವವನಿಗೆ ಪಗಾರದ ಬದಲು ದಲ್ಲಾಳಿ ಸನದು ಬರೆದುಕೊಟ್ಟಿತು, ಇಪ್ಪತ್ತು ವರ್ಷದ ಮೇಲೆ ಆ ದುಡ್ಡನ್ನೆಲ್ಲ ವಾಪಸ್ ಕಟ್ಟು ಅಂತ ಹುಕುಂ ಹೊರಡಿಸಿತು ಅಂದರೆ ನಂಬುವುದು ಸ್ವಲ್ಪ ಕಷ್ಟವೇ. ಇದು ನಡೆದದ್ದು ಇಟಲಿಯ ವೆನಿಸ್ ಪಟ್ಟಣದಲ್ಲಿ, 1537ನೇ ಇಸವಿಯಲ್ಲಿ. ಚಿತ್ರಕಾರನ ಹೆಸರು ಟಿಷಿಯನ್. ಅವನ ಊರಿನವರ ಬಾಯಲ್ಲಿ ತಿತ್ಸಿಯಾನೊ ವೆಚೆಲ್ಲಿಯೊ. ಚಕ್ರವರ್ತಿಗಳು, ಪೋಪರು, ರಾಜರು ತಮ್ಮ ಮುಖವನ್ನು ಇವನ ಕುಂಚದಲ್ಲೇ ನೋಡಬೇಕೆಂದು ಹಂಬಲಿಸಿದ ಕಾಲ ಅದು. ಅಂಥವನೂ ಅರ್ಜಿ ಹಿಡಿದು ಕಚೇರಿ ಕಚೇರಿ ಅಲೆಯುವುದು ತಪ್ಪಲಿಲ್ಲ.

ಅವನ ಹುಟ್ಟೂರು ಪಿಯೆವೆ ದಿ ಕಾದೊರೆ. ಆಲ್ಪ್ಸ್ ಬೆಟ್ಟಗಳ ಒಳಗಿನ ಸಣ್ಣ ಊರು, ಅಪ್ಪಟ ಗಡಿನಾಡು. ಈಚೆಗೆ ವೆನಿಸ್ ಗಣರಾಜ್ಯ, ಆಚೆಗೆ ಜರ್ಮನ್ ಚಕ್ರವರ್ತಿಯ ಸೀಮೆ. ಬೆಟ್ಟದ ಮರ ಕಡಿದು ಪಿಯಾವೆ ನದಿಯಲ್ಲಿ ತೇಲಿಬಿಟ್ಟು ವೆನಿಸ್‌ಗೆ ಸಾಗಿಸುವುದೇ ಅಲ್ಲಿನ ಮುಖ್ಯ ಉದ್ಯೋಗ. ಟಿಷಿಯನ್‌ನ ಮನೆತನ ಊರಿನಲ್ಲಿ ಮಾನವಂತರದು, ದಸ್ತಾವೇಜು ಬರೆಯುವ ನೋಟರಿಗಳು ಆ ವಂಶದಲ್ಲಿದ್ದರು. ಮರದ ವ್ಯಾಪಾರವನ್ನು ಅವನು ಕೊನೆಯವರೆಗೂ ಬಿಡಲಿಲ್ಲ. 1508ರಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನ ಸೈನ್ಯ ಗಡಿ ದಾಟಿ ಬಂದು ಇದೇ ಕಾದೊರೆಯ ಕಣಿವೆಯಲ್ಲಿ ವೆನಿಸ್‌ನ ದಂಡಿನ ಕೈಯಲ್ಲಿ ಸೋತಿತು. ಆ ಮ್ಯಾಕ್ಸಿಮಿಲಿಯನ್‌ನ ಮೊಮ್ಮಗನೇ ಮುಂದೆ ಟಿಷಿಯನ್‌ಗೆ ಪಿಂಚಣಿ ಬರೆದುಕೊಟ್ಟವನು. ಗಡಿಯಲ್ಲಿ ಹುಟ್ಟಿದವರಿಗೆ ಎರಡೂ ಕಡೆಯ ಸರಕಾರದ ಜತೆ ವ್ಯವಹಾರ ತಪ್ಪಿದ್ದಲ್ಲ.

ಹುಟ್ಟಿದ ವರ್ಷ ಯಾವುದು ಅನ್ನುವುದೇ ಒಂದು ತಂಟೆ. 1488-90ರ ಆಸುಪಾಸು ಅಂತ ಈಗಿನ ವಿದ್ವಾಂಸರು ಹೆಚ್ಚಿನವರು ಹೇಳುತ್ತಾರೆ. ಆದರೆ 1571ರಲ್ಲಿ ಸ್ಪೇನಿನ ದೊರೆಗೆ ಬರೆದ ಕಾಗದದಲ್ಲಿ ತನಗೆ ತೊಂಬತ್ತೈದು ವರ್ಷ ಅಂತ ಅವನೇ ಬರೆದುಕೊಂಡಿದ್ದಾನೆ. ಆ ಲೆಕ್ಕಕ್ಕೆ 1476 ಆಗಬೇಕು. ಬಾಕಿ ದುಡ್ಡು ಕೇಳುವ ಕಾಗದವಲ್ಲವೇ, ಹತ್ತು ಹನ್ನೆರಡು ವರ್ಷ ಸೇರಿಸಿಕೊಂಡಿರಬಹುದು ಅನ್ನುವುದು ಹಲವರ ಗುಮಾನಿ. ವೃದ್ಧಾಪ್ಯ ವೇತನದ ಅರ್ಜಿಯಲ್ಲಿ ವಯಸ್ಸು ಹಿಗ್ಗಿಸುವುದು ನಮ್ಮ ಕಡೆಯ ಆವಿಷ್ಕಾರವೇನೂ ಅಲ್ಲ ಅಂತಾಯಿತು.

ಒಂಬತ್ತು ಹತ್ತು ವರ್ಷದ ಹುಡುಗನಾಗಿದ್ದಾಗ ವೆನಿಸ್‌ಗೆ ಬಂದ. ಮೊದಲು ಗಾಜುಕಲ್ಲಿನ ಚಿತ್ರ ಜೋಡಿಸುವವನೊಬ್ಬನ ಬಳಿ, ಆಮೇಲೆ ಬೆಲ್ಲಿನಿ ಅಣ್ಣತಮ್ಮಂದಿರ ಬಳಿ ಕೆಲಸ ಕಲಿತ. ತಮ್ಮನಾದ ಜೊವಾನ್ನಿ ಬೆಲ್ಲಿನಿ ಆಗ ವೆನಿಸ್ ಸರಕಾರದ ಚಿತ್ರಕಾರ. ಇನ್ನೊಬ್ಬ ಸಹಪಾಠಿ ಜೊರ್ಜೊನೆ ಎಂಬವನು. 1508ರಲ್ಲಿ ಜೊರ್ಜೊನೆಯೂ ಟಿಷಿಯನ್ನನೂ ಒಂದು ದೊಡ್ಡ ಕಟ್ಟಡದ ಹೊರಗೋಡೆಗೆ ಚಿತ್ರ ಬರೆದರು. ಕೆಲಸ ಮುಗಿದ ಮೇಲೆ ಕೂಲಿ ಎಷ್ಟು ಅನ್ನುವಲ್ಲಿ ತಕರಾರು ಎದ್ದಿತು. ಬೇರೆ ಚಿತ್ರಕಾರರನ್ನು ಪಂಚರಾಗಿ ಕರೆಸಿದರು. ಪಂಚರು 150 ಡುಕಾಟ್ ಬೆಲೆ ಕಟ್ಟಿದರು. ಜೊರ್ಜೊನೆಯ ಕೈಗೆ ಬಂದದ್ದು 130. ಸರಕಾರಿ ಕೆಲಸದ ಮೊದಲ ಪಾಠ ಟಿಷಿಯನ್‌ಗೆ ಅಲ್ಲೇ ಆಗಿರಬೇಕು.

ಆ ಕಟ್ಟಡವನ್ನು ಸ್ವಲ್ಪ ತಿಳಿದುಕೊಳ್ಳಬೇಕು, ಏಕೆಂದರೆ ನಮ್ಮ ಕಥೆಯ ದುಡ್ಡೆಲ್ಲ ಅಲ್ಲಿಂದಲೇ ಬರುವುದು. ಅದರ ಹೆಸರು ಫೊಂದಾಕೊ ದೇಯ್ ತೆದೆಸ್ಕಿ, ಅಂದರೆ ಜರ್ಮನ್ ವ್ಯಾಪಾರಿಗಳ ವಖಾರು. ರಿಯಾಲ್ತೊ ಸೇತುವೆಯ ಪಕ್ಕದಲ್ಲಿದೆ. ಬೆಟ್ಟ ದಾಟಿ ಬಂದ ಜರ್ಮನ್ ವರ್ತಕರು ಅಲ್ಲೇ ಇಳಿದುಕೊಳ್ಳಬೇಕು, ಮಾಲು ಅಲ್ಲೇ ಇಡಬೇಕು, ಕೊಡುವುದು ಕೊಳ್ಳುವುದು ಅಲ್ಲೇ. ಅವರು ಬೆಳ್ಳಿ, ತಾಮ್ರ ತಂದು ಮಾರುತ್ತಿದ್ದರು. ಮೆಣಸು, ಶುಂಠಿ ಮುಂತಾದ ಮಸಾಲೆ ಒಯ್ಯುತ್ತಿದ್ದರು. ಆ ಮೆಣಸು ಎಲ್ಲಿಯದು? ನಮ್ಮ ಪಶ್ಚಿಮ ಕರಾವಳಿಯದು, ಮಲೆಯಾಳ ಸೀಮೆಯದು. ಅರಬ್ಬರ ಹಡಗು ಹತ್ತಿ, ಈಜಿಪ್ತ್ ದಾಟಿ ವೆನಿಸ್ ಸೇರುತ್ತಿತ್ತು. ಪೋರ್ಚುಗೀಸರು ಆಫ್ರಿಕ ಸುತ್ತಿ ನೇರವಾಗಿ ಬರತೊಡಗಿದ ಮೇಲೆ ವೆನಿಸ್ ವ್ಯಾಪಾರಕ್ಕೆ ಪೆಟ್ಟು ಬಿತ್ತಾದರೂ ನಿಂತುಹೋಗಲಿಲ್ಲ. ವಯನಾಡಿನಲ್ಲೋ ಕಾಸರಗೋಡಿನಲ್ಲೋ ಮೆಣಸಿನ ಬಳ್ಳಿ ಹಬ್ಬಿಸಿಕೊಂಡವರು ಇದನ್ನು ಓದುತ್ತಿದ್ದರೆ ಅವರಿಗೂ ಈ ಕಥೆಯಲ್ಲಿ ಒಂದು ಸಣ್ಣ ಪಾಲು ಇದೆ ಅನ್ನಬಹುದು.

ಜರ್ಮನರು ನೇರವಾಗಿ ವ್ಯಾಪಾರ ಮಾಡುವಂತಿರಲಿಲ್ಲ. ಸರಕಾರ ನೇಮಿಸಿದ ದಲ್ಲಾಳಿಯ ಮೂಲಕವೇ ಆಗಬೇಕು, ಅವನ ದಲ್ಲಾಳಿ ಅವನಿಗೆ ಸಲ್ಲಬೇಕು. ಇಂಥ ದಲ್ಲಾಳಿಗಳ ಸಂಖ್ಯೆ ಗೊತ್ತುಮಾಡಿತ್ತು. ಈ ಹುದ್ದೆಗೆ ಸೆನ್ಸೆರಿಯಾ ಅಂತ ಹೆಸರು. ಕಾಲಕ್ರಮದಲ್ಲಿ ಸರಕಾರ ಒಂದು ಜಾಣತನ ಕಂಡುಕೊಂಡಿತು. ಯಾರಿಗಾದರೂ ಉಪಕಾರ ಮಾಡಬೇಕಾದರೆ ಬೊಕ್ಕಸದಿಂದ ಪಗಾರ ಕೊಡುವ ಬದಲು ಒಂದು ಸೆನ್ಸೆರಿಯಾ ಬರೆದುಕೊಡುವುದು. ಅವನು ಫೊಂದಾಕೊಗೆ ಹೋಗಬೇಕಾಗಿಲ್ಲ, ತಕ್ಕಡಿ ಮುಟ್ಟಬೇಕಾಗಿಲ್ಲ, ಬೇರೆಯವನು ಕೆಲಸ ನಡೆಸುತ್ತಾನೆ, ಇವನಿಗೆ ವರ್ಷಕ್ಕೆ ನೂರು ಚಿಲ್ಲರೆ ಡುಕಾಟ್ ಬಂದು ಬೀಳುತ್ತದೆ. ಚಿನ್ನದ ಒಂದು ಡುಕಾಟ್ ಅಂದರೆ ಮೂರೂವರೆ ಗ್ರಾಂ ಬಂಗಾರ. ಹೆಚ್ಚುಕಡಿಮೆ ನಮ್ಮ ವಿಜಯನಗರದ ವರಹದಷ್ಟೇ ತೂಕ. ಮುದುಕ ಜೊವಾನ್ನಿ ಬೆಲ್ಲಿನಿಗೆ ಇಂಥದೊಂದು ಸನದು ಇತ್ತು. ಅದಕ್ಕೆ ಪ್ರತಿಯಾಗಿ ಅರಮನೆಯ ಚಿತ್ರದ ಕೆಲಸ ಮಾಡಬೇಕು, ಹೊಸ ದೋಜ್ ಪಟ್ಟಕ್ಕೆ ಬಂದಾಗಲೆಲ್ಲ ಗೊತ್ತಾದ ಸಣ್ಣ ಮೊತ್ತಕ್ಕೆ ಅವನ ಭಾವಚಿತ್ರ ಬರೆದುಕೊಡಬೇಕು. ದೋಜ್ ಅಂದರೆ ವೆನಿಸ್ ಗಣರಾಜ್ಯದ ಚುನಾಯಿತ ಮುಖ್ಯಸ್ಥ.

1513ರ ಮೇ ತಿಂಗಳಲ್ಲಿ ಟಿಷಿಯನ್ ಹತ್ತು ಮಂದಿಯ ಮಂಡಳಿಗೆ ಒಂದು ಅರ್ಜಿ ಗುಜರಾಯಿಸಿದ. ಈ ಮಂಡಳಿ ಅಂದರೆ ವೆನಿಸ್‌ನಲ್ಲಿ ಎಲ್ಲರೂ ನಡುಗುವ ಜಾಗ. ಅರ್ಜಿಯ ತಾತ್ಪರ್ಯ ಇಷ್ಟು: ಪೋಪರು ರೋಮಿಗೆ ಕರೆಯುತ್ತಿದ್ದಾರೆ, ಆದರೂ ತಾನು ಇಲ್ಲೇ ಇದ್ದು ಗಣರಾಜ್ಯದ ಸೇವೆ ಮಾಡುವವನು. ಮಹಾಸಭೆಯ ದೊಡ್ಡ ಹಜಾರದಲ್ಲಿ ಚೌಕದ ಕಡೆಯ ಗೋಡೆಗೆ ಒಂದು ಯುದ್ಧದ ಚಿತ್ರ ಬರೆಯಬೇಕಾಗಿದೆ. ಆ ಜಾಗದಲ್ಲಿ ಕೆಲಸ ಬಹಳ ಕಷ್ಟವೆಂದು ಈವರೆಗೆ ಯಾರೂ ಮುಂದೆ ಬಂದಿಲ್ಲ. ಅದನ್ನು ತಾನು ಬರೆದುಕೊಡುತ್ತೇನೆ. ಇಬ್ಬರು ಸಹಾಯಕರು, ಬಣ್ಣದ ಖರ್ಚು ಸರಕಾರದ್ದು. ಪ್ರತಿಯಾಗಿ ಮುಂದೆ ಖಾಲಿಯಾಗುವ ಮೊದಲ ಸೆನ್ಸೆರಿಯಾ ತನಗೆ, ಬೆಲ್ಲಿನಿಗೆ ಇರುವ ಷರತ್ತಿನ ಮೇಲೆಯೇ.

ಮಂಜೂರಾಯಿತು. ಮರುವರ್ಷ ಮಾರ್ಚಿನಲ್ಲಿ ರದ್ದಾಯಿತು. ನವೆಂಬರಿನಲ್ಲಿ ಮತ್ತೆ ಮಂಜೂರಾಯಿತು. ಅರಮನೆಯ ಚಿತ್ರದ ಖರ್ಚನ್ನು ನೋಡಿಕೊಳ್ಳುತ್ತಿದ್ದುದು ಉಪ್ಪಿನ ಕಚೇರಿ. ಉಪ್ಪಿನ ಇಜಾರೆಯ ಉತ್ಪನ್ನದಿಂದಲೇ ಇಂಥ ಕೆಲಸಕ್ಕೆಲ್ಲ ದುಡ್ಡು ಹೊರಡುತ್ತಿತ್ತು. ಅವರು ಲೆಕ್ಕ ತೆಗೆದು ನೋಡಿದರೆ ಖರ್ಚು ಬೇಕಾದಷ್ಟಾಗಿದೆ, ಗೋಡೆಯ ಮೇಲೆ ಕಾಣುವುದು ಅಷ್ಟಕ್ಕಷ್ಟೇ. ಟಿಷಿಯನ್ ದರ ಇಳಿಸಿ ಹೊಸ ಅರ್ಜಿ ಹಾಕಿದ. 1516ರ ನವೆಂಬರ್ ಕೊನೆಗೆ ಬೆಲ್ಲಿನಿ ತೀರಿಕೊಂಡ. ಸನದು ಟಿಷಿಯನ್ ಪಾಲಿಗೆ ಬಂತು.

ಸನದು ಬಂದ ಮೇಲೆ ಯುದ್ಧದ ಚಿತ್ರ? ಅದನ್ನು ಮಾತ್ರ ಕೇಳಬೇಡಿ.

ಕೆಲಸಗಳ್ಳ ಅಂತಲ್ಲ. ಫ್ರಾರಿ ಇಗರ್ಜಿಯ ದೊಡ್ಡ ವೇದಿಕೆಯ ಚಿತ್ರವನ್ನು 1518ರಲ್ಲಿ ಮುಗಿಸಿದ. ಮೇರಿಮಾತೆ ಸ್ವರ್ಗಕ್ಕೇರುವ ಆ ಚಿತ್ರ ಇವತ್ತಿಗೂ ಅಲ್ಲೇ ಇದೆ, ಇಪ್ಪತ್ತೆರಡು ಅಡಿಗೂ ಹೆಚ್ಚು ಎತ್ತರ. ಫೆರಾರಾದ ಡ್ಯೂಕ್, ಮಾಂತುವಾದ ಡ್ಯೂಕ್, ಉರ್ಬಿನೊದ ಡ್ಯೂಕ್ ಒಬ್ಬರಾದ ಮೇಲೆ ಒಬ್ಬರು ಗಿರಾಕಿಗಳಾದರು. ಅವರೆಲ್ಲ ಕೈಗೆ ಕೈ ದುಡ್ಡು ಕೊಡುವವರು, ಕೆಲಸ ತಡವಾದರೆ ಆಳು ಕಳಿಸಿ ಕಾಡುವವರು. ಸರಕಾರದ ಚಿತ್ರ ಕಾಯುತ್ತಾ ಕೂತಿತು. ದಲ್ಲಾಳಿ ದುಡ್ಡು ಮಾತ್ರ ವರ್ಷ ವರ್ಷ ತಪ್ಪದೆ ಬರುತ್ತಿತ್ತು. ಈ ಭಾಗದಲ್ಲಿ ತಪ್ಪು ಚಿತ್ರಕಾರನದೇ, ಮುಚ್ಚಿಡುವುದು ಬೇಡ.

1537ರ ಜೂನ್‌ನಲ್ಲಿ ಸರಕಾರಕ್ಕೆ ಎಚ್ಚರವಾಯಿತು. 1516ರ ಡಿಸೆಂಬರಿನಿಂದ ಇವನಿಗೆ ಸನದು ನಡೆಯುತ್ತಿದೆ, ವರ್ಷಕ್ಕೆ 118ರಿಂದ 120 ಡುಕಾಟ್ ಉತ್ಪನ್ನ, ಷರತ್ತಿನ ಕೆಲಸ ಆಗಿಲ್ಲ. ಆದ್ದರಿಂದ ಕೆಲಸ ಮಾಡದ ಕಾಲದ ಮೊತ್ತವನ್ನೆಲ್ಲ ತಿರುಗಿ ಕಟ್ಟತಕ್ಕದ್ದು ಅಂತ ಠರಾವಾಯಿತು. ಲೆಕ್ಕ ಹಾಕಿ ನೋಡಿ. ಇಪ್ಪತ್ತು ವರ್ಷ ಆರು ತಿಂಗಳು, ಹತ್ತಿರ ಹತ್ತಿರ 2,400 ಡುಕಾಟ್. ಮನೆ ಮಾರಿದರೂ ಹುಟ್ಟದ ಮೊತ್ತ. ಸಾಲದ್ದಕ್ಕೆ ಪೊರ್ದೆನೊನೆ ಎಂಬ ಪ್ರತಿಸ್ಪರ್ಧಿಯನ್ನು ಕರೆತಂದು ಅದೇ ಹಜಾರದಲ್ಲಿ ಕೆಲಸಕ್ಕೆ ಹಚ್ಚಿದರು. ಪೊರ್ದೆನೊನೆ ಚುರುಕು ಕೈಯವನು, ಟಿಷಿಯನ್ ಮೇಲೆ ಹಲ್ಲು ಮಸೆಯುತ್ತಿದ್ದವನು.

ಈಗ ಟಿಷಿಯನ್‌ಗೆ ಬಿಸಿ ಮುಟ್ಟಿತು. ಇಪ್ಪತ್ತು ವರ್ಷ ಆಗದ ಕೆಲಸ ಒಂದು ವರ್ಷದೊಳಗೆ, 1538ರ ಆಗಸ್ಟ್ ವೇಳೆಗೆ ಮುಗಿದುಹೋಯಿತು. ನೋಡಿದವರು ಬೆರಗಾದರಂತೆ: ಸೇತುವೆ, ಹೊಳೆ, ಮಳೆ ಬಿರುಗಾಳಿ, ಕುದುರೆಗಳ ಮೇಲೆ ಕುದುರೆ. ಸರಕಾರಿ ಕಾಗದದಲ್ಲಿ ಅದು ಹಳೆಯ ಕಾಲದ ಸ್ಪೊಲೆತೊ ಯುದ್ಧ. ಜನ ಮಾತ್ರ ಅದು ಕಾದೊರೆಯ ಕಾಳಗ, ಚಿತ್ರಕಾರ ತನ್ನ ಊರ ಬೆಟ್ಟವನ್ನೇ ಬರೆದಿದ್ದಾನೆ ಅಂದುಕೊಂಡರು. 1539ರ ಜನವರಿಯಲ್ಲಿ ಪೊರ್ದೆನೊನೆ ಫೆರಾರಾದಲ್ಲಿ ಇದ್ದಕ್ಕಿದ್ದ ಹಾಗೆ ಸತ್ತ. ವಿಷ ಅಂತ ಗುಸುಗುಸು ಹಬ್ಬಿತು, ರುಜುವಾತು ಯಾವುದೂ ಇಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಸನದು ಟಿಷಿಯನ್‌ಗೆ ತಿರುಗಿ ಸಿಕ್ಕಿತು. ದೋಜರ ಭಾವಚಿತ್ರ ಬರೆಯುವ ಕೆಲಸ ಮುಂದುವರಿಯಿತು. ತೀರ ಮುದುಕನಾದ ಮೇಲೆ ಅದರಿಂದಲೂ ವಿನಾಯಿತಿ ಪಡೆದ.

ವೆನಿಸ್‌ನ ಜಗಳದಲ್ಲಿ ಚಿತ್ರಕಾರ ಸಾಲಗಾರ, ಸರಕಾರ ವಸೂಲಿದಾರ. ಎರಡನೆಯ ಜಗಳದಲ್ಲಿ ಇದು ತಲೆಕೆಳಗು. ಅದು ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಜತೆ, ಆಮೇಲೆ ಅವನ ಮಗ ಸ್ಪೇನಿನ ಎರಡನೆಯ ಫಿಲಿಪ್‌ನ ಜತೆ ನಡೆದದ್ದು. ಮೂವತ್ತೈದು ವರ್ಷ ಎಳೆಯಿತು.

ಚಾರ್ಲ್ಸ್ ಅಂದರೆ ಆ ಕಾಲದ ಯುರೋಪಿನ ಅರ್ಧ ಭಾಗದ ಒಡೆಯ. ಸ್ಪೇನ್, ನೆದರ್ಲೆಂಡ್ಸ್, ನೇಪಲ್ಸ್, ಜರ್ಮನಿ, ಆಮೇಲೆ ಮಿಲಾನ್. ಟಿಷಿಯನ್ ಅವನನ್ನು ಮೊದಲು ಕಂಡದ್ದು 1530ರ ಸುಮಾರಿಗೆ. ಆಗ ಚಿತ್ರಕ್ಕೆ ಚಕ್ರವರ್ತಿ ಕೊಟ್ಟದ್ದು ಒಂದೇ ಒಂದು ಡುಕಾಟ್, ನಾಚಿಕೆಯಾಗಿ ಮಾಂತುವಾದ ಡ್ಯೂಕ್ ತನ್ನ ಕೈಯಿಂದ 150 ಕೊಟ್ಟ ಅಂತ ಅದೇ ವರ್ಷದ ಒಬ್ಬ ವಕೀಲನ ಕಾಗದದಲ್ಲಿ ಸುದ್ದಿಯಿದೆ. ಆದರೆ ಮೂರೇ ವರ್ಷದಲ್ಲಿ, 1533ರಲ್ಲಿ, ಅದೇ ಚಕ್ರವರ್ತಿ ಇವನಿಗೆ ಕೌಂಟ್ ಪದವಿ, ಚಿನ್ನದ ಹಿಮ್ಮಡಿ ಮುಳ್ಳಿನ ಸರದಾರಿಕೆ ಎಲ್ಲ ದಯಪಾಲಿಸಿದ. ಪದವಿ ಕೊಡಲು ಬೊಕ್ಕಸದ ಕೀಲಿಕೈ ಬೇಕಾಗಿಲ್ಲವಲ್ಲ. ದುಡ್ಡಿನ ಮಾತು ಬಂದಾಗ ವಿಷಯ ಬೇರೆಯಾಯಿತು.

ಮೊದಲು ಕೊಟ್ಟದ್ದು ನೇಪಲ್ಸ್‌ನ ಒಂದು ಪರವಾನಿಗೆ: ಆ ಸೀಮೆಯಿಂದ 300 ಗಾಡಿ ಧಾನ್ಯವನ್ನು ಹೊರಗೆ ಸಾಗಿಸುವ ಹಕ್ಕು. ನಮ್ಮ ಕಡೆ ಲೆವಿ ಕಾಲದಲ್ಲಿ ಚೆಕ್‌ಪೋಸ್ಟ್ ದಾಟಿಸಲು ಪರ್ಮಿಟ್ ಬೇಕಿತ್ತಲ್ಲ, ಹೆಚ್ಚುಕಡಿಮೆ ಹಂಗೇ. ಚಿತ್ರಕಾರನಿಗೆ ಗಾಡಿ ಯಾಕೆ, ಕಾಳು ಯಾಕೆ? ಪರವಾನಿಗೆಯನ್ನು ಒಬ್ಬ ಧಾನ್ಯದ ವ್ಯಾಪಾರಿಗೆ ಮಾರಿಕೊಂಡರೆ ನಗದು. ಆದರೆ ಬರದ ವರ್ಷ ಕಾಳು ಹೊರಗೆ ಬಿಡುವುದಕ್ಕೆ ನೇಪಲ್ಸ್‌ನ ಅಧಿಕಾರಿಗಳು ಒಪ್ಪುವುದಿಲ್ಲ. ಬೆಳೆ ಚೆನ್ನಾದ ವರ್ಷ ಪರವಾನಿಗೆಗೆ ಬೆಲೆಯಿಲ್ಲ. ವರ್ಷಗಟ್ಟಲೆ ಕಾಗದ ಓಡಾಡಿದವು. ಟಿಷಿಯನ್‌ನ ಗೆಳೆಯ ಪಿಯೆತ್ರೊ ಅರೆತೀನೊ, ಬರವಣಿಗೆಯಲ್ಲಿ ದೊರೆಗಳನ್ನೇ ಹೆದರಿಸಿ ದುಡ್ಡು ಕೀಳುತ್ತಿದ್ದ ಆಸಾಮಿ, ಇವನ ಪರವಾಗಿ ಶಿಫಾರಸು ಕಾಗದ ಬರೆಯುವುದನ್ನೇ ಒಂದು ಕಸುಬು ಮಾಡಿಕೊಂಡ.

ಇನ್ನು ಮಿಲಾನ್. 1541ರಲ್ಲಿ ಚಕ್ರವರ್ತಿ ಮಿಲಾನ್ ಖಜಾನೆಯ ಮೇಲೆ ವರ್ಷಕ್ಕೆ 100 ಸ್ಕೂದಿ ಪಿಂಚಣಿ ಬರೆದುಕೊಟ್ಟ. ಸ್ಕೂದೊ ಡುಕಾಟ್‌ಗೆ ಹತ್ತಿರದ ನಾಣ್ಯ. 1548ರಲ್ಲಿ ಚಕ್ರವರ್ತಿ ಆಗ್ಸ್‌ಬರ್ಗ್‌ಗೆ ಕರೆಸಿಕೊಂಡ. ಅರವತ್ತರ ಹತ್ತಿರದ ಚಿತ್ರಕಾರ ಚಳಿಗಾಲದಲ್ಲಿ ಆಲ್ಪ್ಸ್ ದಾಟಿ ಹೋಗಿ ಚಕ್ರವರ್ತಿಯನ್ನು ಕುದುರೆಯ ಮೇಲೆ ಕೂಡಿಸಿ ಬರೆದ. ಆ ಚಿತ್ರ ಈಗ ಮ್ಯಾಡ್ರಿಡ್‌ನ ಪ್ರಾದೊ ಮ್ಯೂಸಿಯಂನಲ್ಲಿದೆ. ಸಂತೋಷಪಟ್ಟ ಚಕ್ರವರ್ತಿ ಪಿಂಚಣಿಯನ್ನು 200ಕ್ಕೆ ಏರಿಸಿದ. ಹಿರಿಯ ಮಗ ಪೊಂಪೊನಿಯೊ ಪಾದ್ರಿ, ಅವನಿಗೆ ಸ್ಪೇನಿನ ಇಗರ್ಜಿಯ ಉತ್ಪನ್ನ ಕೊಡಿಸುವ ಮಾತೂ ಆಯಿತು.

ಬರೆದುಕೊಟ್ಟವನು ಆಗ್ಸ್‌ಬರ್ಗ್‌ನಲ್ಲಿ, ಕೊಡಬೇಕಾದವನು ಮಿಲಾನ್‌ನಲ್ಲಿ, ತೆಗೆದುಕೊಳ್ಳಬೇಕಾದವನು ವೆನಿಸ್‌ನಲ್ಲಿ. ಮೂರೂ ಬೇರೆ ಬೇರೆ. ಮಿಲಾನ್ ಖಜಾನೆಯಲ್ಲಿ ಸೈನಿಕರ ಪಗಾರಕ್ಕೇ ದುಡ್ಡು ಸಾಲುತ್ತಿರಲಿಲ್ಲ. ಫ್ರಾನ್ಸ್ ಜತೆ ಯುದ್ಧ ನಡೆದೇ ಇತ್ತು. ಗವರ್ನರುಗಳು ಬದಲಾದರು, ಪ್ರತಿಯೊಬ್ಬ ಹೊಸಬನಿಗೂ ಟಿಷಿಯನ್ ಮೊದಲಿನಿಂದ ಕಥೆ ಹೇಳಬೇಕು, ಒಂದೆರಡು ಚಿತ್ರ ಕಾಣಿಕೆ ಕಳಿಸಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದರು. ರಾಜ್ಯ ವಿಂಗಡಣೆಯ ಮೊದಲಿನ ನೌಕರಿ ಒಂದು ಕಡೆ, ಆಮೇಲಿನದು ಇನ್ನೊಂದು ಕಡೆ. ಈ ಕಚೇರಿಯವರು ಆ ಕಡೆ ಕೇಳಿ ಅನ್ನುವುದು, ಆ ಕಡೆಯವರು ನಮ್ಮಲ್ಲಿ ಫೈಲೇ ಇಲ್ಲ ಅನ್ನುವುದು. ಬಟ್ಟೆಯಲ್ಲಿ ಸುತ್ತಿದ ಕಾಗದದ ಗಂಟು ಕಂಕುಳಲ್ಲಿ ಇಟ್ಟುಕೊಂಡೇ ಅವರು ಬಸ್ಸು ಹತ್ತುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಟಿಷಿಯನ್‌ನ ಮಿಲಾನ್ ಪಿಂಚಣಿಯ ಸಂಗತಿ ಓದುವಾಗೆಲ್ಲ ಆ ಗಂಟು ನೆನಪಾಗುತ್ತದೆ.

1554ರಲ್ಲಿ ಚಕ್ರವರ್ತಿಗೆ ಒಂದು ದೊಡ್ಡ ಚಿತ್ರ ಕಳಿಸುವಾಗ ಜತೆಗೇ ದೂರಿನ ಕಾಗದವನ್ನೂ ಇಟ್ಟ: ಮಿಲಾನ್‌ನದು ಬಂದಿಲ್ಲ, ಸ್ಪೇನಿನದೂ ಬಂದಿಲ್ಲ. ಮರುವರ್ಷವೇ ಮಗಳು ಲವೀನಿಯಾಳ ಮದುವೆ. ವರದಕ್ಷಿಣೆ 1,400 ಡುಕಾಟ್. ಹೆಂಡತಿ 1530ರಲ್ಲೇ ತೀರಿಹೋಗಿದ್ದಳು, ಮಕ್ಕಳನ್ನು ಬೆಳೆಸಿದವನು ಇವನು. ಚಕ್ರವರ್ತಿಗೋ ರಾಜ್ಯದ ಭಾರವೇ ಸಾಕಾಗಿತ್ತು. ಪಟ್ಟ ಬಿಟ್ಟು ಸ್ಪೇನಿನ ಯುಸ್ತೆ ಎಂಬ ಮಠ ಸೇರಿದ. ಹೋಗುವಾಗ ಟಿಷಿಯನ್‌ನ ಚಿತ್ರಗಳನ್ನು ಒಯ್ದ, 1558ರ ಸೆಪ್ಟೆಂಬರಿನಲ್ಲಿ ಅವುಗಳ ನಡುವೆಯೇ ಕಣ್ಣು ಮುಚ್ಚಿದ. ಪಿಂಚಣಿಯ ಬಾಕಿ ಹಾಗೇ ಉಳಿಯಿತು.

ಅದೇ ವರ್ಷದ ಕ್ರಿಸ್‌ಮಸ್ ದಿನ ಮಗ ಫಿಲಿಪ್ ಮಿಲಾನ್‌ನ ಗವರ್ನರ್‌ಗೆ ಕಟ್ಟುನಿಟ್ಟಿನ ಹುಕುಂ ಬರೆದ: ತನ್ನ ತಂದೆ ಕೊಟ್ಟ ಮಾತಿನ ಬಾಕಿಯನ್ನೆಲ್ಲ ತೀರಿಸತಕ್ಕದ್ದು. ಹದಿನೇಳು ವರ್ಷದ ಮೇಲೆ ಒಂದು ದಾರಿ ಕಂಡಿತು. ಮುದುಕನಿಗೆ ಮಿಲಾನ್ ಪ್ರಯಾಣ ಆಗುವಂತಿರಲಿಲ್ಲ. ಎರಡನೆಯ ಮಗ ಒರಾಜಿಯೊ, ತಂದೆಯ ಕೈಕೆಳಗೆ ಚಿತ್ರ ಬರೆಯುವವನು, ವ್ಯವಹಾರ ಬಲ್ಲವನು, ಅವನನ್ನು ಕಳಿಸಿದ. 1559ರಲ್ಲಿ ಒರಾಜಿಯೊ ಮಿಲಾನ್‌ಗೆ ಹೋಗಿ ಕೆಲವು ಚಿತ್ರಗಳನ್ನೂ ಅಲ್ಲಿ ಮಾರಾಟಕ್ಕಿಟ್ಟು, ಖಜಾನೆಯಿಂದ 2,000 ಚಿನ್ನದ ನಾಣ್ಯ ಎಣಿಸಿಕೊಂಡ.

ಇಳಿದುಕೊಂಡಿದ್ದು ಲಿಯೋನೆ ಲಿಯೋನಿ ಎಂಬ ಶಿಲ್ಪಿಯ ಮನೆಯಲ್ಲಿ. ಲಿಯೋನಿ ಚಕ್ರವರ್ತಿಯ ಟಂಕಸಾಲೆಯಲ್ಲಿ ಅಚ್ಚು ಕೊರೆಯುವವನು, ಅಸಾಧ್ಯ ಕೆಲಸಗಾರ, ಅಷ್ಟೇ ಅಸಾಧ್ಯ ಕೋಪದವನು. ಹಿಂದೆ ರೋಮಿನಲ್ಲಿ ಪೋಪರ ಅಕ್ಕಸಾಲಿಗನ ಮೇಲೆ ಕೈಮಾಡಿ, ಬಲಗೈ ಕಡಿಯುವ ಶಿಕ್ಷೆ ಆಗಿ, ಅದು ತಪ್ಪಿ ಹಡಗಿನ ಹುಟ್ಟು ಹಾಕುವ ಶಿಕ್ಷೆಗೆ ಇಳಿದಿತ್ತು. ಅವನಿಗೂ ಸರಕಾರದಿಂದ ಬರಬೇಕಾದದ್ದು ಇದ್ದೇ ಇತ್ತು. ಕಣ್ಣೆದುರಿಗೇ ಇನ್ನೊಬ್ಬನ ಮಗ ಚೀಲ ತುಂಬಿಸಿಕೊಂಡು ಹೊರಡುತ್ತಿದ್ದಾನೆ. ಒರಾಜಿಯೊ ಬೇರೆ ಕಡೆ ಬಿಡಾರ ಬದಲಿಸಲು ತನ್ನ ಸಾಮಾನು ಒಯ್ಯುವುದಕ್ಕೆ ಬಂದಾಗ, ಜೂನ್ 14ರಂದು, ಲಿಯೋನಿಯೂ ಅವನ ಆಳುಗಳೂ ಕಠಾರಿ ಹಿಡಿದು ಮೇಲೆ ಬಿದ್ದರು. ಮೈತುಂಬ ಗಾಯವಾಗಿ ನೆಲಕ್ಕುರುಳಿದ ಒರಾಜಿಯೊ ಬದುಕಿದ್ದೇ ಹೆಚ್ಚು.

ವೆನಿಸ್‌ಗೆ ಸುದ್ದಿ ಮುಟ್ಟಿದಾಗ ಟಿಷಿಯನ್‌ಗೆ ಎಪ್ಪತ್ತರ ಆಸುಪಾಸು. ದುಡ್ಡು ವಸೂಲಿಗೆ ಕಳಿಸಿದ ಮಗ ಹೆಣವಾಗಿ ಬರುವುದೊಂದು ಬಾಕಿ ಉಳಿದಿತ್ತು. ಫಿಲಿಪ್‌ಗೆ ಬರೆದ ಕಾಗದದಲ್ಲಿ ಪಿಂಚಣಿಯ ಮಾತು ಪಕ್ಕಕ್ಕೆ ಸರಿದು, ಆ ಕೊಲೆಗಡುಕನಿಗೆ ತಕ್ಕ ಶಿಕ್ಷೆಯಾಗಬೇಕು ಎಂಬ ಮಾತೇ ತುಂಬಿಕೊಂಡಿತು. ಲಿಯೋನಿಗೆ ಜುಲ್ಮಾನೆ, ಸ್ವಲ್ಪ ಕಾಲದ ಗಡಿಪಾರು ಇಷ್ಟೇ ಆಯಿತು. ದೊರೆಗೆ ಅವನ ಕಂಚಿನ ಪ್ರತಿಮೆಗಳೂ ಬೇಕು, ಇವನ ಚಿತ್ರಗಳೂ ಬೇಕು. ಇಬ್ಬರನ್ನೂ ಇಟ್ಟುಕೊಂಡ. ಆ ಬೇಸಗೆಯಲ್ಲೇ ಟಿಷಿಯನ್ ದಿಯಾನಾ ದೇವತೆಯ ಎರಡು ದೊಡ್ಡ ಚಿತ್ರಗಳಿಗೆ ಕೊನೆಯ ಕೈ ಹಾಕಿ ಸ್ಪೇನಿಗೆ ಕಳಿಸಿದ ಅನ್ನುವುದು ಆಶ್ಚರ್ಯ. ಅವನ ಜೀವಮಾನದ ಅತ್ಯುತ್ತಮ ಕೆಲಸದಲ್ಲಿ ಅವೂ ಸೇರುತ್ತವೆ.

ಇದರ ಮೇಲೆ ಜೆನೊವಾದ ಹುಂಡಿಯ ತಂಟೆ. ಫಿಲಿಪ್ 2,000 ಸ್ಕೂದಿ ಜೆನೊವಾದಲ್ಲಿ ಸಲ್ಲಬೇಕೆಂದು ಬರೆದ. ಬಂದಾಗ ಚಿನ್ನದ ರೂಪದಲ್ಲಿ ಬರಲಿಲ್ಲ, ನಾಣ್ಯದ ವಟ್ಟದಲ್ಲೇ 200 ಡುಕಾಟ್‌ನಷ್ಟು ಹೋಯಿತು ಅಂತ ಟಿಷಿಯನ್ ಮತ್ತೆ ಕಾಗದ ಬರೆದ. ಹುಂಡಿ ವ್ಯವಹಾರ ಕಂಡವರಿಗೆ ಇದು ಹೊಸದಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಟಿಷಿಯನ್ ಬಡವನಾಗಿರಲಿಲ್ಲ. ವೆನಿಸ್‌ನ ಉತ್ತರ ಅಂಚಿನಲ್ಲಿ, ನೀರಿನಾಚೆ ತನ್ನ ಊರ ಬೆಟ್ಟ ಕಾಣುವ ಹಾಗೆ ತೋಟದ ಮನೆ, ಕಾದೊರೆಯಲ್ಲಿ ಹೊಲ ಮನೆ, ಮರದ ವ್ಯಾಪಾರ. 1566ರಲ್ಲಿ ತೆರಿಗೆಯವರಿಗೆ ಕೊಟ್ಟ ಆಸ್ತಿಪಟ್ಟಿ ನೋಡಿದರೆ ಮಾತ್ರ ಪಾಪ ಅನ್ನಿಸುವ ಹಾಗಿದೆ. ಚಿತ್ರದ ಆದಾಯದ ಸುದ್ದಿಯನ್ನೇ ಎತ್ತದೆ ಬಾಡಿಗೆ ಗೇಣಿ ಅಂತ ಚೂರುಪಾರು ತೋರಿಸಿದ್ದಾನೆ. ಜಿಪುಣ, ದುಡ್ಡಿನಾಸೆಯವನು ಅಂತ ಅವನ ಕಾಲದಲ್ಲೇ ಹೆಸರಾಗಿತ್ತು. ಇರಲಿ. ತೆರಿಗೆ ತಪ್ಪಿಸಿದವನಿಗೆ ಕೊಡಬೇಕಾದ ಕೂಲಿ ಕೊಡಬೇಕಾಗಿಲ್ಲ ಅಂತ ಯಾವ ಕಾಯಿದೆಯೂ ಹೇಳುವುದಿಲ್ಲ. ಅರ್ಜಿ ಬರೆದೂ ಬರೆದೂ ಅವನ ಸ್ವಭಾವವೇ ಹಾಗಾಯಿತೋ, ಸ್ವಭಾವ ಹಾಗಿದ್ದುದರಿಂದ ಅಷ್ಟು ಅರ್ಜಿ ಬರೆದನೋ, ಯಾರು ಬಲ್ಲರು.

ಸರಿಸುಮಾರು ಇದೇ ಕಾಲಕ್ಕೆ, 1567ರಲ್ಲಿ, ಚೆಸಾರೆ ಫೆದೆರಿಚಿ ಎಂಬ ವೆನಿಸ್‌ನ ವರ್ತಕ ಗೋವೆಯಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಬಂದು ಏಳು ತಿಂಗಳು ಇದ್ದ. ತಾಳಿಕೋಟೆ ಯುದ್ಧ ಮುಗಿದು ಎರಡೇ ವರ್ಷ. ರಾಜಧಾನಿ ಪೆನುಗೊಂಡೆಗೆ, ಅಂದರೆ ಮಡಕಶಿರಾ ಸೀಮೆಯ ಪಕ್ಕಕ್ಕೆ ಸರಿಯುತ್ತಿದ್ದ ಹೊತ್ತು. ಅವನು ಅಲ್ಲಿ ಬರಿದಾಗುತ್ತಿದ್ದ ಬೀದಿಗಳನ್ನು ನೋಡುತ್ತಿದ್ದಾಗ ಅವನ ಊರಿನಲ್ಲಿ ಮುದುಕ ಚಿತ್ರಕಾರ ಮತ್ತೊಂದು ಕಾಗದ ಬರೆಯುತ್ತಿದ್ದ.

1564ರಲ್ಲಿ ಏಸುವಿನ ಕೊನೆಯ ಊಟದ ದೊಡ್ಡ ಚಿತ್ರ ಎಸ್ಕೊರಿಯಲ್ ಮಠಕ್ಕೆ ಹೋಯಿತು. ಊಟದ ಮನೆಯ ಗೋಡೆಗೆ ಉದ್ದ ಹೆಚ್ಚಾಯಿತೆಂದು ಚಿತ್ರವನ್ನೇ ಕತ್ತರಿಸಿ ಕೂಡಿಸಿದರು. 1569ರಲ್ಲಿ ಹತ್ತು ಮಂದಿಯ ಮಂಡಳಿ ಅವನ ಇನ್ನೊಂದು ಅರ್ಜಿ ಒಪ್ಪಿತು: ದಲ್ಲಾಳಿ ಸನದು ಮಗ ಒರಾಜಿಯೊ ಹೆಸರಿಗೆ. ವೆನಿಸ್‌ನ ಮಟ್ಟಿಗೆ ಲೆಕ್ಕ ಚುಕ್ತಾ ಆಯಿತು. ಸ್ಪೇನಿನ ಲೆಕ್ಕ ಮಾತ್ರ ಬೆಳೆಯುತ್ತಲೇ ಹೋಯಿತು. 1574ರ ಡಿಸೆಂಬರಿನಲ್ಲಿ ದೊರೆಯ ಕಾರ್ಯದರ್ಶಿ ಅಂತೋನಿಯೊ ಪೆರೆಸ್‌ಗೆ ಒಂದು ಪಟ್ಟಿ ಕಳಿಸಿದ: ಕಳೆದ ಇಪ್ಪತ್ತೈದು ವರ್ಷದಲ್ಲಿ ಕಳಿಸಿ ದುಡ್ಡು ಬಾರದ ಚಿತ್ರಗಳು. ದಿಯಾನಾ ಚಿತ್ರಗಳು, ಯುರೋಪಾ, ಕೊನೆಯ ಊಟ ಎಲ್ಲ ಅದರಲ್ಲಿವೆ. ಇನ್ನೂ ಕೆಲವು ಇವೆ, ನೆನಪಿಗೆ ಬರುತ್ತಿಲ್ಲ ಅಂತಲೂ ಸೇರಿಸಿದ. ಅಂಗಡಿಯ ಉದ್ದರಿ ಪುಸ್ತಕದ ಹಾಗಿದೆ ಆ ಪಟ್ಟಿ. ಇವತ್ತು ಅದರಲ್ಲಿನ ಒಂದೊಂದು ಸಾಲಿಗೂ ಒಂದೊಂದು ದೇಶದ ಮ್ಯೂಸಿಯಂ ಹೆಮ್ಮೆಪಡುತ್ತದೆ. ದಿಯಾನಾ ಚಿತ್ರಗಳಲ್ಲಿ ಎರಡನ್ನು 2009ರಲ್ಲೂ 2012ರಲ್ಲೂ ಬ್ರಿಟನ್ನಿನ ಮ್ಯೂಸಿಯಂಗಳು ಕೊಂಡಾಗ ಕೊಟ್ಟ ಬೆಲೆ ಒಂದಕ್ಕೆ 5 ಕೋಟಿ ಪೌಂಡ್, ಇನ್ನೊಂದಕ್ಕೆ 4.5 ಕೋಟಿ ಪೌಂಡ್.

1576ರ ಫೆಬ್ರವರಿಯಲ್ಲಿ ದೊರೆಗೆ ಕೊನೆಯ ಕಾಗದ ಬರೆದ. ಅದರಲ್ಲೂ ಬಾಕಿಯದೇ ಮಾತು. ಆ ಬೇಸಗೆಯಲ್ಲಿ ವೆನಿಸ್‌ಗೆ ಪ್ಲೇಗು ಬಡಿಯಿತು. ಆಗಸ್ಟ್ 27ರಂದು ಟಿಷಿಯನ್ ತನ್ನ ಮನೆಯಲ್ಲೇ ಸತ್ತ. ಮರುದಿನ ಫ್ರಾರಿ ಇಗರ್ಜಿಯಲ್ಲಿ ಮಣ್ಣು ಮಾಡಿದರು. ಆಮೇಲೆ ಬೇಗನೇ ಒರಾಜಿಯೊ ಕೂಡ ಪ್ಲೇಗಿನವರ ದೊಡ್ಡಿಯಲ್ಲಿ ತೀರಿಕೊಂಡ. ಲಿಯೋನಿಯ ಕಠಾರಿಗೆ ಉಳಿದ ಜೀವ ಅದು. ಬಾಗಿಲು ಕಾಯುವವರಿಲ್ಲದ ಮನೆಗೆ ಕಳ್ಳರು ನುಗ್ಗಿ ಕೈಗೆ ಸಿಕ್ಕಿದ್ದು ಒಯ್ದರು. ಉಳಿದದ್ದು ಪೊಂಪೊನಿಯೊ ಪಾಲಾಯಿತು. ಅವನು ಐದು ವರ್ಷದಲ್ಲಿ ಮನೆಯನ್ನು ಮಾರಿದ. ಮರುವರ್ಷ, 1577ರ ಡಿಸೆಂಬರ್ 20ರಂದು, ಅರಮನೆಗೆ ಬೆಂಕಿ ಬಿದ್ದು ದೊಡ್ಡ ಹಜಾರ ಸುಟ್ಟುಹೋಯಿತು. ಇಪ್ಪತ್ತು ವರ್ಷ ಕಾಯಿಸಿ ಒಂದು ವರ್ಷದಲ್ಲಿ ಬರೆದ ಯುದ್ಧದ ಚಿತ್ರ ಅದರಲ್ಲಿ ಬೂದಿಯಾಯಿತು. ಬೇರೆಯವರು ಮಾಡಿಕೊಂಡ ನಕಲು, ಅಚ್ಚಿನ ಪ್ರತಿಗಳಿಂದ ಅದು ಹೇಗಿತ್ತೆಂದು ಈಗ ಊಹಿಸಿಕೊಳ್ಳಬೇಕು.

ಅವನನ್ನು ಮಣ್ಣು ಮಾಡಿದ ಜಾಗದಲ್ಲಿ ಬಹಳ ಕಾಲ ಹೇಳಿಕೊಳ್ಳುವಂಥ ಗೋರಿ ಏನೂ ಇರಲಿಲ್ಲ. ಈಗ ಫ್ರಾರಿಗೆ ಹೋದವರಿಗೆ ಕಾಣುವ ಬೆಳ್ಳನೆಯ ಅಮೃತಶಿಲೆಯ ದೊಡ್ಡ ಸ್ಮಾರಕವನ್ನು ಕಟ್ಟಿಸಿದವನು ಆಸ್ಟ್ರಿಯಾದ ಚಕ್ರವರ್ತಿ ಮೊದಲನೆಯ ಫರ್ಡಿನಾಂಡ್. ವೆನಿಸ್, ಮಿಲಾನ್ ಎರಡೂ ಆಗ ಅವನ ಆಳ್ವಿಕೆಯಲ್ಲಿದ್ದವು; ಚಾರ್ಲ್ಸ್, ಫಿಲಿಪ್ ಇಬ್ಬರೂ ಹುಟ್ಟಿದ ಹಬ್ಸ್‌ಬರ್ಗ್ ಮನೆತನದವನೇ ಅವನು. 1838ರಲ್ಲಿ ಆಜ್ಞೆಯಾಯಿತು. ಕೆಲಸ ಮುಗಿದದ್ದು 1852ರಲ್ಲಿ. ಅದಕ್ಕೂ ಹದಿನಾಲ್ಕು ವರ್ಷ ಹಿಡಿಯಿತು.